ಹೊಲಿಗೆ ಮಿಸ್ಸಿನ ಮುಖವಾಡಗಳು

ಅವರ ಎಡಗೈ ತೋರುಬೆರಳಿನ ತುದಿ ಹಾಗಲಕಾಯಿಯ ಹಾಗೆ ತರಿತರಿಯಾಗಿತ್ತು. ಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳದೆ ವರ್ಷಗಟ್ಟಲೆ ಹೊಲಿದು, ಸೂಜಿ ಚುಚ್ಚಿ ಚುಚ್ಚಿ ಅಲ್ಲಿನ ಚರ್ಮ ಜಡ್ಡುಗಟ್ಟಿಹೋಗಿತ್ತು. ಅದೇ ಬೆರಳಿನಿಂದ ನಮ್ಮ ಗಲ್ಲ ಎತ್ತಿ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಗೇಣು ಹಾಕಿ ನೋಡುತ್ತಿದ್ದರು. ಗಲ್ಲ ತುರಿಸುತ್ತಿತ್ತು. ನಕ್ಕರೆ ಅಳತೆ ಕೆಡುತ್ತದೆಂದು ನಾವು ತುಟಿ ಕಚ್ಚಿಕೊಂಡು ನಿಲ್ಲುತ್ತಿದ್ದೆವು.

ಅವರು ನಮ್ಮ ಕಾನ್ವೆಂಟಿನ ಹೊಲಿಗೆ ಮಿಸ್. ಆಂಗ್ಲೋ ಇಂಡಿಯನ್ ಹೆಂಗಸು. ಗಂಡ ರೈಲ್ವೆಯಲ್ಲಿದ್ದರಂತೆ. ಅವರು ತೀರಿಕೊಂಡ ಮೇಲೆ ಯಶವಂತಪುರದ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಹೆಬ್ಬಾಳದಲ್ಲಿ ನಮ್ಮ ಕೇರಿಯ ಕೊನೆಗೆ, ಕೆರೆ ಏರಿಯ ಹತ್ತಿರ ಎರಡು ಕೋಣೆಯ ಮನೆ ಹಿಡಿದಿದ್ದರು. ಮೊಣಕಾಲಿನ ಕೆಳಗೆ ಇಳಿಯುವ ಬೂದು ಬಣ್ಣದ ಫ್ರಾಕು, ಅದರ ಮೇಲೆಲ್ಲ ಸೀಮೆಸುಣ್ಣದ ಗೆರೆಗಳು, ಕಾಲಿಗೆ ಗಂಡಸರ ಹಾಗೆ ಲೇಸು ಕಟ್ಟುವ ಬೂಟು. ಊರಿನವರು ಮಿಸ್ಸಮ್ಮ ಎನ್ನುತ್ತಿದ್ದರು.

ಅವರನ್ನು ಸಾಕಿದ ಆಯಾ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯವಳಂತೆ. ಹಾಗಾಗಿ ಅವರ ಬಾಯಲ್ಲಿ ಬರುತ್ತಿದ್ದದ್ದು ಅಪ್ಪಟ ಹೊಲದ ಕನ್ನಡ. ನಾವು ಹುಡುಗಿಯರು ಕಷ್ಟಪಟ್ಟು ಇಂಗ್ಲಿಷಿನಲ್ಲಿ ‘ಮೇ ಐ ಕಮ್ ಇನ್ ಮಿಸ್’ ಎಂದರೆ ಅವರು ತಲೆ ಎತ್ತದೆ “ಬಾರಮ್ಮಿ ಒಳೀಕೆ” ಎನ್ನುತ್ತಿದ್ದರು. ಬಹುವಚನವೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ನಮ್ಮಪ್ಪನಂಥ ಮೀಸೆಯ ಗೌಡರನ್ನೂ ‘ನೀನು’ ಎಂದೇ ಮಾತಾಡಿಸುವರು. ಅಪ್ಪನಿಗೆ ಕೋಪ ಬರುತ್ತಿರಲಿಲ್ಲ. ಸತ್ತುಹೋದ ತನ್ನ ಸೋದರತ್ತೆ ಮಾತಾಡಿದ ಹಾಗಾಗುತ್ತದೆ ಎನ್ನುತ್ತಿದ್ದರು.

ನಾನು ಕಾನ್ವೆಂಟಿಗೆ ಸೇರಿದ್ದೇ ತರಕಾರಿಯ ದೆಸೆಯಿಂದ. ನಮ್ಮ ತೋಟದ ಸೊಪ್ಪು, ಹುರುಳಿಕಾಯಿ, ಕುಂಬಳಕಾಯಿ ಕಾನ್ವೆಂಟಿನ ಅಡುಗೆಮನೆಗೆ ಹೋಗುತ್ತಿತ್ತು. ಒಂದು ದಿನ ಗಾಡಿಯ ಮೇಲೆ ಕೂತಿದ್ದ ನನ್ನನ್ನು ನೋಡಿ ಮದರ್ ಅಪ್ಪನಿಗೆ, ಇವಳನ್ನು ಯಾಕೆ ಕಳಿಸಬಾರದು ಎಂದರಂತೆ. ಅಪ್ಪ ಕಳಿಸಿದರು. ಮೊದಲ ವಾರವೇ ಹೊಲಿಗೆ ಕ್ಲಾಸಿನಲ್ಲಿ ನಾನು ಕರವಸ್ತ್ರದ ಅಂಚು ಮಡಿಸಿ ಹೆಮ್ಮೆಯಿಂದ ತೋರಿಸಿದೆ. ಅವರು ಅದರ ಮೇಲ್ಭಾಗ ನೋಡಲೇ ಇಲ್ಲ. “ತಿರುಗ್ಸು” ಎಂದರು. ಹಿಂಭಾಗದಲ್ಲಿ ದಾರ ಗೋಜಲಾಗಿತ್ತು. ಬೈಯಲಿಲ್ಲ, ಇಡೀ ಅಂಚು ಬಿಚ್ಚಿ ನನ್ನ ಕೈಗೆ ಕೊಟ್ಟರು. ಯಾವ ಬಟ್ಟೆಯಾದರೂ ಅವರು ಮೊದಲು ನೋಡುತ್ತಿದ್ದದ್ದು ಒಳಭಾಗವನ್ನೇ.

ವರ್ಷಕ್ಕೊಮ್ಮೆ, ಅಕ್ಟೋಬರ್ ಮುಗಿಯುವ ದಿನ, ಅವರ ಹಬ್ಬ ಬರುತ್ತಿತ್ತು. ಸಂತರ ಹಬ್ಬದ ಹಿಂದಿನ ಸಂಜೆ ಅದು. ಹ್ಯಾಲೋವೀನ್ ಎಂದು ಅವರು ಹೇಳಿಕೊಟ್ಟಿದ್ದರು, ನಮ್ಮ ಬಾಯಿಗೆ ಆ ಹೆಸರು ಹತ್ತಲಿಲ್ಲ. ಮುಖವಾಡದ ಹಬ್ಬ ಎನ್ನುತ್ತಿದ್ದೆವು. ಪಟ್ಟಣದಲ್ಲಿ ಆಗ ಮರಗಳ ನಡುವೆ ಒಂದು ಸಣ್ಣ ಝೂ ಇತ್ತು. ಕರಡಿ, ಎರಡು ಚಿರತೆ, ಜಿಂಕೆಗಳು, ನವಿಲು, ಕೋತಿ, ಮೈ ತುಂಬ ಕೂದಲು ಉದುರಿದ್ದ ಒಂದು ಕತ್ತೆಕಿರುಬ. ಬಾಡಿಗೆ ಬಸ್ಸಿನಲ್ಲಿ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ತಾಯಂದಿರು, ಕಂಕುಳಿನ ಕೂಸುಗಳು, ತಿಂಡಿಯ ಡಬ್ಬಿಗಳು ಎಲ್ಲವೂ ಬಸ್ಸು ಹತ್ತುತ್ತಿದ್ದವು. ನೀರು ತುಂಬಿದ ಟಬ್ಬಿನಲ್ಲಿ ಸೀಬೆಕಾಯಿ ತೇಲಿಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ಬಾಯಿಂದ ಕಚ್ಚಿ ತೆಗೆಯುವ ಆಟ ಆಡಿಸುವರು. ಹುಡುಗಿಯರ ಮೂಗಿನಿಂದ ನೀರು ಸುರಿದಾಗ ಬೂಟು ಹಾಕಿದ ಕಾಲು ಕುಟ್ಟಿ ನಗುವರು.

ಮುಖವಾಡ ಮಾಡುವ ಕೆಲಸ ದಸರೆ ರಜೆಯಲ್ಲೇ ಶುರುವಾಗುತ್ತಿತ್ತು. ಮಡಕೆಯನ್ನು ಬೋರಲು ಹಾಕಿ, ಹಳೆಯ ಬಟ್ಟೆಯ ಚೂರುಗಳನ್ನು ಗಟ್ಟಿ ಗಂಜಿಯಲ್ಲಿ ಅದ್ದಿ, ಒಂದರ ಮೇಲೊಂದು ಅಂಟಿಸಿ ಬಿಸಿಲಿಗಿಡುವರು. ಒಣಗಿದ ಮೇಲೆ ಮಡಕೆಯಿಂದ ಬಿಡಿಸಿ ತೆಗೆದು, ಕಣ್ಣು ಕತ್ತರಿಸಿ, ಕಿವಿ ಹೊಲಿದು, ಬಣ್ಣ ಬಳಿಯುವರು. ಯಾರ ಮುಖವಾಡ ಯಾವ ಪ್ರಾಣಿಯದೋ ಆ ಪ್ರಾಣಿಗೆ ಅವರೇ ತಿನಿಸು ಒಯ್ಯಬೇಕು. ಕರಡಿಗೆ ಬೆಲ್ಲ ಹಚ್ಚಿದ ರೊಟ್ಟಿ, ಜಿಂಕೆಗೆ ಹುಲ್ಲಿನ ಕಟ್ಟು. ಪಂಜರ ಕಾಯುವವನು ಪಕ್ಕದಲ್ಲಿ ನಿಂತು ಕೊಡಿಸುತ್ತಿದ್ದ. ಆದರೆ ಕೊಡುವ ಮೊದಲು ಮುಖವಾಡ ತೆಗೆಯಬೇಕಿತ್ತು. ಇದು ಅವರ ಕಟ್ಟುನಿಟ್ಟು. ಒಂದು ವರ್ಷ ನಾನು ಕರಡಿಯಾಗಿ ಹಾಗೇ ರೊಟ್ಟಿ ಚಾಚಿದಾಗ ಹಿಂದಿನಿಂದ ಬಂದು ದಾರ ಬಿಚ್ಚಿಬಿಟ್ಟರು.

“ಮೊಗ ಮುಚ್ಕಂಡು ಅನ್ನ ಕೊಡಬಾರ್ದು ಕಣಮ್ಮಿ. ಯಾರು ಕೊಟ್ರು ಅಂತ ಅದಕ್ಕೂ ಗೊತ್ತಾಗ್ಲಿ.”

ಕತ್ತೆಕಿರುಬದ ಮುಖವಾಡ ನಮಗೆ ಯಾರಿಗೂ ಬೇಕಿರಲಿಲ್ಲ. ಅದನ್ನು ಹಾಕಿಕೊಳ್ಳುತ್ತಿದ್ದವರು ಮಿಸ್ಸಿನ ಮಗಳು. ಆಗ ಅವರಿಗೆ ಇಪ್ಪತ್ತು ದಾಟಿತ್ತು. ಹುಡುಗಿಯಾಗಿದ್ದಾಗ ಸಿಡುಬು ಬಂದು ಮುಖದ ತುಂಬ ಗುಳಿ ಬಿದ್ದಿತ್ತು, ಒಂದು ಕಣ್ಣು ಹೋಗಿತ್ತು. ನಮ್ಮ ಯೂನಿಫಾರಂಗಳ ಗುಂಡಿಗಳಿಗೆ ಕಾಜ ಹಾಕುತ್ತಿದ್ದವರು ಅವರೇ. ಅಂಥ ಸಣ್ಣ, ಸಮನಾದ ಕಾಜಗಳನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಆದರೆ ಅವರನ್ನು ನೋಡಿದವರು ನಮ್ಮ ಕೇರಿಯಲ್ಲೇ ಕಡಿಮೆ. ಬಾಗಿಲಿಗೆ ದಪ್ಪ ಪರದೆ. ಅದರ ಹಿಂದಿನಿಂದ ಕತ್ತರಿಯ ಸದ್ದು ಮಾತ್ರ. ವರ್ಷದಲ್ಲಿ ಆ ಒಂದು ದಿನ, ಬಸ್ಸಿನಲ್ಲಿ ಎಲ್ಲರೂ ಮುಖವಾಡದಲ್ಲಿರುವಾಗ, ಹಿಂದಿನ ಸೀಟಿನಲ್ಲಿ ಬಂದು ಕೂರುವರು. ನಲವತ್ತು ಪ್ರಾಣಿಗಳ ನಡುವೆ ಅವರೂ ಒಂದು.

ಅಷ್ಟೆಲ್ಲ ಪ್ರಾಣಿಗಳಿರುವಾಗ ಅದೇ ಯಾಕೆ ಎಂದು ನಾನೊಮ್ಮೆ ಮಿಸ್ಸನ್ನು ಕೇಳಿದ್ದೆ. ಅದರ ಮುಂದೆ ಜನ ನಿಲ್ಲುವುದಿಲ್ಲ ಎಂದರು. ನಿಜ. ಕತ್ತೆಕಿರುಬದ ಪಂಜರ ಗೋಡೆಯ ಕಡೆಗೆ, ನೇರಳೆ ಮರದ ಹಿಂದೆ ಇತ್ತು. ವಾಸನೆಗೆ ಯಾರೂ ಸುಳಿಯುತ್ತಿರಲಿಲ್ಲ. ಅವರು ಅಲ್ಲಿ ಮುಖವಾಡ ತೆಗೆದು ತೊಡೆಯ ಮೇಲಿಟ್ಟುಕೊಂಡು, ಎಲುಬಿನ ಪೊಟ್ಟಣ ಕಾವಲಿನವನಿಗೆ ಕೊಟ್ಟು, ಕಲ್ಲಿನ ಮೇಲೆ ಕೂತಿರುತ್ತಿದ್ದರು. ಮಿಸ್ ದೂರದಲ್ಲಿ ನಮಗೆ ಸೀಬೆಕಾಯಿ ಆಟ ಆಡಿಸುತ್ತಲೇ ಆ ಕಡೆ ಒಂದು ಕಣ್ಣಿಟ್ಟಿರುವರು. ಮಗಳ ಮುಖದ ಮೇಲೆ ಬಿಸಿಲು ಬಿದ್ದಿದೆಯೇ ಎಂದು ನೋಡುವರು.

ಹಬ್ಬಕ್ಕೆ ಒಂದು ದೊಡ್ಡ ಕುಂಬಳಕಾಯಿ ನಮ್ಮ ತೋಟದಿಂದ ಹೋಗಬೇಕಿತ್ತು. ಅದರಲ್ಲಿ ಕಣ್ಣು, ಮೂಗು, ಹಲ್ಲು ಕೊರೆದು, ಒಳಗೆ ಸತ್ತವರ ಹೆಸರಲ್ಲಿ ಮೇಣದಬತ್ತಿ ಹಚ್ಚಿ, ಝೂ ಬಾಗಿಲಲ್ಲಿ ಇಡುವರು. ಮೊದಲ ವರ್ಷ ಅವರು ಕತ್ತಿ ತೆಗೆದುಕೊಂಡು ತಾವೇ ಕೊಯ್ಯಲು ಹೊರಟಾಗ ನಮ್ಮಜ್ಜಿ ಓಡಿಬಂದು ಕೈ ಹಿಡಿದರು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದು ನಮ್ಮಲ್ಲಿಲ್ಲ. ಗಂಡಸು ಹಾಕಿಕೊಟ್ಟ ಮೇಲೆ ನಾವು ಹೆಚ್ಚಬಹುದು. ಅಂದಿನಿಂದ ಅದು ಅಪ್ಪನ ಕೆಲಸವಾಯಿತು. ಮಿಸ್ ಪ್ರತಿ ವರ್ಷ ಬೇಲಿಯಾಚೆ ನಿಂತು, “ಏನ್ ಗೌಡ, ಕಾಯಿ ಬಲ್ತದಾ? ಬಾ, ಕತ್ತಿ ತಗಾ. ನನ್ ಮನೇಲಿ ಗಂಡಸಿಲ್ಲ ಅಂತ ನಿಮ್ಮವ್ವಂಗೆ ಬಲೇ ಬೇಜಾರು” ಎನ್ನುವರು. ಅಪ್ಪ ನಗುತ್ತ ತೊಟ್ಟಿನ ಹತ್ತಿರ ಒಂದೇಟು ಹಾಕಿ, ಕತ್ತಿಯನ್ನು ಅವರ ಕೈಗೆ ಕೊಡುವರು. ಹಬ್ಬ ಮುಗಿದ ಮೇಲೆ ಅದೇ ದೀಪದ ಕಾಯಿಯನ್ನು ಮಿಸ್ ನಮ್ಮ ಜಗಲಿಯಲ್ಲಿ ತಂದಿಟ್ಟು ಹೋಗುವರು. ಏಟು ಹಾಕಿದವನಿಗೆ ದೀಪ. ಅದು ಅವರ ಲೆಕ್ಕ.

ಆ ಕಾಯಿ ಮಾರನೆಯ ದಿನ ಏನಾಗುತ್ತಿತ್ತು ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ಸಂಕ್ರಾಂತಿ ಸುಮಾರಿಗೆ, ನಮ್ಮ ಕೇರಿಗೆ ಸಿಡುಬು ಬಂತು. ಬಾಗಿಲು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆಯ ಸದ್ದು ನಿಂತಿತು. ಮೂಲೆಮನೆಯ ಒಂದು ಮಗು ಉಳಿಯಲಿಲ್ಲ. ಆ ಮಗು ಅಕ್ಟೋಬರಿನಲ್ಲಿ ನಮ್ಮ ಜೊತೆ ಮೊಲದ ಮುಖವಾಡ ಹಾಕಿಕೊಂಡು ಬಂದಿತ್ತು.

ದುಃಖದ ಮನೆಯಲ್ಲಿ ಕೂತ ಹೆಂಗಸರಲ್ಲಿ ಯಾರೋ ಒಬ್ಬರಿಗೆ ನೆನಪಾಯಿತು. ಮುಖವಾಡದ ಹಬ್ಬದ ಮಾರನೆಯ ಬೆಳಗ್ಗೆ ಮೂರುದಾರಿ ಕೂಡುವಲ್ಲಿ ಒಂದು ಕುಂಬಳಕಾಯಿ ಒಡೆದು ಬಿದ್ದಿತ್ತು. ಅದಕ್ಕೆ ಕಣ್ಣು, ಹಲ್ಲು ಕೊರೆದಿತ್ತು; ಕುಂಕುಮ ಸುರಿದಿತ್ತು. ಅಂಥ ಕಾಯಿ ಊರಿನಲ್ಲಿ ಇನ್ನಾರು ಮಾಡುತ್ತಾರೆ? ಮಿಸ್ಸಮ್ಮ ಮಗಳ ಮೇಲಿನ ಸಿಡುಬಿನ ದೋಷವನ್ನು ಕಾಯಿಗೆ ಇಳಿಸಿ ನಮ್ಮ ಮಕ್ಕಳು ತುಳಿಯುವ ದಾರಿಯಲ್ಲಿ ಒಡೆದಿದ್ದಾಳೆ ಎಂದರು. ಒಂದು ವಾರದಲ್ಲಿ ಕೇರಿ ಪೂರ್ತಿ ಅದೇ ಮಾತು. ಮಿಸ್ಸಿನ ಮನೆಗೆ ಹಾಲು ಹಾಕುವವನು ನಿಲ್ಲಿಸಿದ. ಬಾವಿಗೆ ಅವರು ಬಂದರೆ ಕೊಡ ಎತ್ತಿಕೊಂಡು ಸರಿದುಹೋಗುತ್ತಿದ್ದರು. ಅವರಿಗೆ ಯಾರೂ ಕಾರಣ ಹೇಳಲಿಲ್ಲ. ಅವರೂ ಕೇಳಲಿಲ್ಲ, ಕೇಳದೆಯೇ ಅವರಿಗೆ ತಿಳಿದಿರಬೇಕು. ಕ್ಲಾಸಿನಲ್ಲಿ ಎಂದಿನ ಹಾಗೆ “ತಿರುಗ್ಸು” ಎನ್ನುತ್ತಿದ್ದರು. ಎಂದಿಗಿಂತ ಸಣ್ಣ ದನಿಯಲ್ಲಿ.

ಮುಂದಿನ ದಸರೆ ಬಂತು. ಮಡಕೆಗಳು ಬೋರಲು ಬಿದ್ದವು. ಆದರೆ ತಾಯಂದಿರು ಒಬ್ಬೊಬ್ಬರಾಗಿ ಮದರ್ ಹತ್ತಿರ ಹೋಗಿ ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಎಂದು ಹೇಳಿಬಂದರು. ಜನರ ಮನಸ್ಸು ನೋಯಿಸಿ ಹಬ್ಬ ಬೇಡ ಎಂದು ಮದರ್ ಬಸ್ಸು ರದ್ದು ಮಾಡಿಸಿದರು. ಕಣ್ಣು, ಹಲ್ಲು ಕೊರೆದ ಆ ಕಾಯಿಯ ದೆಸೆಯಿಂದ ಹಬ್ಬ ನಿಂತಿತು ಎಂದು ನಾನು ಮನೆಗೆ ಬಂದು ಹೇಳಿದಾಗ ಅಜ್ಜಿ ರಾಗಿ ಕೇರುತ್ತಿದ್ದರು. ಮೊರ ಕೈಯಲ್ಲೇ ನಿಂತಿತು.

“ಆ ಕಾಯಿ ಒಡೆದಿದ್ದು ನಾನಲ್ವಾ” ಎಂದರು.

ಪ್ರತಿ ವರ್ಷವೂ ಅವರೇ ಒಡೆಯುತ್ತಿದ್ದರಂತೆ. ಸತ್ತವರ ಹೆಸರಲ್ಲಿ ದೀಪ ಉರಿದ ಕಾಯಿ, ಮುಖ ಬೇರೆ ಇದೆ. ಮನೆಯೊಳಗೆ ಇಟ್ಟುಕೊಳ್ಳುವಂತಿಲ್ಲ, ತಿಪ್ಪೆಗೆ ಹಾಕುವಂತಿಲ್ಲ. ಪಾಪ ಅವಳಿಗೆ ನಮ್ಮ ಶಾಸ್ತ್ರ ಗೊತ್ತಿಲ್ಲ, ಮಾಡುವವರು ಯಾರೂ ಇಲ್ಲ ಎಂದು, ಕೋಳಿ ಕೂಗುವ ಹೊತ್ತಿಗೆ ಕುಂಕುಮ ಹಾಕಿ, ಮಿಸ್ಸಮ್ಮನಿಗೂ ಅವಳ ಮಗಳಿಗೂ ಕಣ್ಣು ತಾಕದಿರಲಿ ಎಂದು ಹೇಳಿಕೊಂಡು, ದೃಷ್ಟಿ ಕಾಯಿಯ ಹಾಗೆ ಮೂರುದಾರಿಯಲ್ಲಿ ಒಡೆದು ಬರುತ್ತಿದ್ದರು. ಕೇರಿಯ ಮಾತು ಅವರ ಕಿವಿಗೂ ಬಿದ್ದಿತ್ತು. ಮೂರುದಾರಿಯಲ್ಲಿ ಕಾಯಿ ಒಡೆದಿದ್ದರು ಎಂದಷ್ಟೇ ಕೇಳಿ, ಅದು ಬೇರೆ ಯಾವುದೋ ಕಾಯಿ ಇರಬೇಕು ಎಂದುಕೊಂಡಿದ್ದರಂತೆ. ತಾನು ಒಳ್ಳೆಯದಕ್ಕೆ ಮಾಡಿದ್ದು ಕೆಟ್ಟದ್ದಕ್ಕೆ ಹೀಗೆ ಬಳಕೆಯಾದೀತು ಎಂದು ಅವರಿಗೆ ಹೊಳೆದಿರಲಿಲ್ಲ.

ಕೇರಿಯವರಿಗೆ ಹೋಗಿ ಹೇಳಿ ಬಾ ಎಂದರು ಅಪ್ಪ. ಅಜ್ಜಿ ಬಾವಿಯ ಹತ್ತಿರ ನಿಂತು ಎಲ್ಲರೆದುರು ಹೇಳಿದರು. ಯಾರೂ ನಂಬಲಿಲ್ಲ. ಗೌಡರ ಮನೆಯವರು ದೊಡ್ಡ ಮನಸ್ಸು ಮಾಡಿ ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದರು ಕೆಲವರು. ಮಿಸ್ಸಮ್ಮ ಮುದುಕಿಗೂ ಮಾಟ ಮಾಡಿಸಿಬಿಟ್ಟಿದ್ದಾಳೆ ಎಂದರು ಇನ್ನು ಕೆಲವರು.

ಆಮೇಲೆ ಅಜ್ಜಿ ಮೊರದಲ್ಲಿ ರಾಗಿಹಿಟ್ಟು ಹಾಕಿಕೊಂಡು ನನ್ನನ್ನು ಜೊತೆ ಮಾಡಿಕೊಂಡು ಮಿಸ್ಸಿನ ಮನೆಗೆ ಹೋದರು. ಮಿಸ್ ಮೆಟ್ಟಿಲ ಮೇಲೆ ಕೂತು ಮುಖವಾಡಕ್ಕೆ ಕಿವಿ ಹೊಲಿಯುತ್ತಿದ್ದರು. ಹಬ್ಬ ನಿಂತಿದೆ ಎಂದು ಗೊತ್ತಿದ್ದೂ ಹೊಲಿಯುತ್ತಿದ್ದರು. ಅಜ್ಜಿ ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದರು. ಮಿಸ್ ದಾರ ಹಲ್ಲಿನಿಂದ ಕಡಿದರು.

“ನನ್ ಮಗಳ ಎಸರಲ್ಲಿ ಒಡೆದ್ಯಾ?”

“ಊಂ ಕಣವ್ವ. ಅವಳು ಚೆಂದಾಗಿರ್ಲಿ ಅಂತ.”

“ಇಷ್ಟು ವರ್ಷದಾಗೆ ಅವಳಿಗೋಸ್ಕರ ಏನಾನಾ ಮಾಡಿದ್ದು ನೀನೊಬ್ಳೇ ಕಣಮ್ಮ” ಎಂದರು ಮಿಸ್. ಆಮೇಲೆ ಪರದೆಯ ಕಡೆ ನೋಡಿ ದನಿ ತಗ್ಗಿಸಿದರು. “ನಂಗೆ ಆಲು ಬೇಡ, ನೀರು ಬೇಡ. ವರ್ಷಕ್ಕೆ ಒಂದ್ ದಿನ ಅವಳು ಬಿಸ್ಲು ನೋಡ್ತಿದ್ಲು. ಅಂಗೇ ಮಾಡ್ತಾ ಮಾಡ್ತಾ ಒಂದಿನ ಬರೀ ಮೊಗದಾಗೆ ಬೀದೀಲಿ ನಡೀತಾಳೆ ಅಂದ್ಕಂಡಿದ್ದೆ. ಅದ್ನ ನೋಡ್ಬೇಕಿತ್ತು ನಾನು.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. ಮನೆಗೆ ಬಂದ ಮೇಲೆ ಅಪ್ಪ ನಿರ್ಧಾರ ಹೇಳಿದರು. ಬಸ್ಸು ಇಲ್ಲದಿದ್ದರೆ ಇಲ್ಲ. ಮಿಸ್ಸಮ್ಮ ಮಗಳನ್ನು ಕರೆದುಕೊಂಡು ಹೋಗುವುದಾದರೆ ನಮ್ಮ ಮನೆಯ ಹುಡುಗಿ ಜೊತೆಗೆ ಹೋಗುತ್ತಾಳೆ. ಅಮ್ಮ ಹೆದರಿದರು. ಅಪ್ಪ ಕೇಳಲಿಲ್ಲ.

ಹೀಗೆ ಆ ವರ್ಷ ನಾವು ಮೂವರೇ ಹೋದೆವು. ಊರ ಬಸ್ಸಿನಲ್ಲಿ ಮಗಳು ಸ್ಕಾರ್ಫನ್ನು ಮುಂದಕ್ಕೆಳೆದುಕೊಂಡು ಕಿಟಕಿಗೆ ಮುಖ ಕೊಟ್ಟು ಕೂತರು. ಮೋಡ ಕವಿದಿತ್ತು. ಝೂ ಬಾಗಿಲಲ್ಲಿ ನಾವಿಬ್ಬರೂ ಮುಖವಾಡ ಕಟ್ಟಿಕೊಂಡೆವು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ನಮ್ಮ ತಪ್ಪು ನಮಗೆ ಗೊತ್ತಾಯಿತು. ನಲವತ್ತು ಮುಖವಾಡಗಳ ನಡುವೆ ಮರೆಯಾಗಬಹುದು. ಎರಡೇ ಇದ್ದಾಗ ಇಡೀ ಝೂ ನೋಡುತ್ತದೆ. ನಾನು ಚಿಕ್ಕವಳು, ನನ್ನನ್ನು ನೋಡಿ ನಕ್ಕು ಸುಮ್ಮನಾದರು. ಬೆಳೆದ ಹೆಂಗಸು ಫ್ರಾಕು ತೊಟ್ಟು ಕತ್ತೆಕಿರುಬದ ಮುಖ ಹಾಕಿಕೊಂಡು ನಡೆಯುತ್ತಿದ್ದರೆ ಬಿಡುತ್ತಾರೆಯೇ? ಯಾವ ನಾಟಕ ಕಂಪನಿ ಎಂದು ಒಬ್ಬರು ಕೇಳಿದರು. ಹುಡುಗರು ಹಿಂದೆ ಬಿದ್ದು ಊಳಿಟ್ಟರು. ಕಡಲೆಕಾಯಿ ತಿನ್ನುತ್ತಿದ್ದ ಒಬ್ಬಾತ ಪಕ್ಕದವನಿಗೆ, “ಏನಯ್ಯ, ಪಂಜರಕ್ಕೆ ಅಗುಳಿ ಹಾಕೋದು ಮರ್ತ್‌ಬಿಟ್ರಾ?” ಎಂದ. ಸುತ್ತ ನಿಂತವರೆಲ್ಲ ನಕ್ಕರು. ಹೆಂಡತಿ ಮಕ್ಕಳ ಜೊತೆ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ ಅವನು.

ಮಿಸ್ ತಿರುಗಿ ನಿಂತು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನನ್ನ ಹೆಗಲು ಹಿಡಿದು ಬೇಗ ಬೇಗ ಮುಂದೆ ನಡೆಸಿದರು.

ನೇರಳೆ ಮರದ ಹತ್ತಿರ ಮಗಳು ನಿಂತುಬಿಟ್ಟರು. ಇನ್ನು ಕೆಲವೇ ಹೆಜ್ಜೆ. ಆದರೆ ನಮ್ಮ ಹಿಂದೆ ಬಂದ ಜನ ಪಂಜರದ ಮುಂದೆ ಅರ್ಧಚಂದ್ರದ ಹಾಗೆ ನೆರೆದಿದ್ದರು. ಯಾರೂ ನಿಲ್ಲದ ಜಾಗದಲ್ಲಿ ಆ ದಿನ ಎಲ್ಲರೂ ನಿಂತಿದ್ದರು. ಮುಖವಾಡ ತೆಗಿಯಮ್ಮ ನೋಡೋಣ ಎಂದು ಯಾರೋ ಕೂಗಿದರು. ಮಗಳು ಎಲುಬಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, “ನೀನೇ ಕೊಟ್ಬಾ” ಎಂದರು. ನಾನು ನನ್ನ ಮುಖವಾಡ ತೆಗೆದು ಹೋಗಿ ಕಾವಲಿನವನಿಗೆ ಕೊಟ್ಟೆ. ಪ್ರಾಣಿ ಜನರನ್ನು ಕಂಡು ಮೂಲೆ ಸೇರಿತ್ತು. ಎಲುಬಿನ ಹತ್ತಿರ ಬರಲೇ ಇಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ತಾಯಿ ಮಗಳು ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಕಾನ್ವೆಂಟಿನವಳೆಂಬುದನ್ನು ಮರೆತಿದ್ದರೋ ಏನೋ. ಮುಂದಿನ ವರ್ಷ ಮಕ್ಕಳೆಲ್ಲ ಬರುತ್ತಾರೆ, ಮೊದಲಿನ ಹಾಗೇ ಆಗುತ್ತದೆ ಎಂದರು ಮಿಸ್. ಬರಲಿ ಮಮ್ಮಿ, ನಾನು ಬರುವುದಿಲ್ಲ ಎಂದರು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಮಕ್ಕಳು ಬಂದೇ ಬಂದರು. ಜನರ ಸಿಟ್ಟಿಗೂ ಆಯಸ್ಸು ಇರುತ್ತದೆ. ಎರಡು ವರ್ಷದ ಮೇಲೆ ಬಾಡಿಗೆ ಬಸ್ಸು ಮತ್ತೆ ಹೊರಟಿತು. ಕಾಯಿಗೆ ಅಪ್ಪ ಏಟು ಹಾಕಿಕೊಟ್ಟರು. ದೀಪದ ಕಾಯಿಯನ್ನು ಮಾತ್ರ ಮಿಸ್ ನಮ್ಮ ಜಗಲಿಗೆ ತರಲಿಲ್ಲ, ಸ್ಕೂಲಿನ ಹಿಂದೆ ಹೂಳಿಸಿದರು. ಹಿಂದಿನ ಸೀಟು ಖಾಲಿಯಿತ್ತು. ಕತ್ತೆಕಿರುಬದ ತಿನಿಸನ್ನು ಮಿಸ್ಸೇ ಒಯ್ದು ಕೊಟ್ಟು ಬಂದರು. ಒಂದು ವರ್ಷ ಹೋದಾಗ ಆ ಪಂಜರ ಬರಿದಾಗಿತ್ತು. ಪೊಟ್ಟಣವನ್ನು ಅವರು ಕೈಚೀಲದೊಳಗೆ ವಾಪಸ್ಸು ಇಟ್ಟುಕೊಂಡದ್ದನ್ನು ನೋಡಿದೆ.

ನಾನು ಹತ್ತನೇ ಕ್ಲಾಸು ಮುಗಿಸುವವರೆಗೂ ಅವರ ಕೈಕೆಳಗೆ ಕಲಿತೆ. ನನ್ನ ಮದುವೆಯ ರವಿಕೆಗಳನ್ನು ಅವರೇ ಹೊಲಿದುಕೊಟ್ಟರು. ಕಾಜ ಯಾರು ಹಾಕಿದರೆಂದು ಕೇಳುವ ಅಗತ್ಯವಿರಲಿಲ್ಲ. ಮದುವೆಯಾಗಿ ಯಲಹಂಕಕ್ಕೆ ಬಂದೆ. ಮಕ್ಕಳ ಬಟ್ಟೆ ಅಂಗಡಿಯಿಂದ ತಂದರೂ ಮೊದಲು ಒಳಭಾಗ ತಿರುಗಿಸಿ ನೋಡುತ್ತೇನೆ. ಮನೆಯವರು ನಗುತ್ತಾರೆ. ಜನರ ವಿಷಯದಲ್ಲೂ ಕೇಳಿದ ಮಾತನ್ನು ನಂಬುವ ಮೊದಲು ಸ್ವಲ್ಪ ತಡೆಯುತ್ತೇನೆ. ಇದೆಲ್ಲ ಅವರಿಂದ ಬಂದದ್ದು ಎಂದು ಅವರಿಗೆ ಹೇಳಬೇಕಿತ್ತು. ತವರಿಗೆ ಹೋದಾಗಲೆಲ್ಲ ಹೇಳೋಣವೆಂದುಕೊಂಡು, ಅವರ ಮೆಟ್ಟಿಲ ಮೇಲೆ ಕೂತು, ಬೇರೆ ಏನೇನೋ ಮಾತಾಡಿ ಬಂದೆ.

ಕೊನೆಗೆ ಅವರ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸುವುದು ಮಗಳ ಪಾಲಿಗೆ ಬಂದಿತ್ತು. ಒಂದು ಮಾಗಿಯಲ್ಲಿ ಕೆಮ್ಮು ಹಿಡಿದು ಮಲಗಿದವರು ಏಳಲಿಲ್ಲ. ಅಪ್ಪ ಹೇಳಿಕಳಿಸಿದರು. ನಾನು ಕೂಸನ್ನು ಅತ್ತೆಯ ಕೈಗೆ ಕೊಟ್ಟು ಬಸ್ಸು ಹತ್ತಿ ಬಂದೆ.

ಪೆಟ್ಟಿಗೆ ಎತ್ತುವ ಹೊತ್ತಿಗೆ ಕೇರಿಯ ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಹೊತ್ತವರಲ್ಲಿ ಅಪ್ಪನೂ ಒಬ್ಬರು. ಮಗಳು ಒಳಗೇ ಉಳಿಯುತ್ತಾರೆ ಎಂದುಕೊಂಡಿದ್ದೆವು. ಅದಕ್ಕೆಂದೇ ನಾನು ಮನೆಯಲ್ಲಿ ಅವರ ಜೊತೆ ಕೂರಲು ತಯಾರಾಗಿದ್ದೆ. ಪೆಟ್ಟಿಗೆ ಅಂಗಳ ದಾಟಿದ ಮೇಲೆ ಪರದೆ ಸರಿಯಿತು. ಅವರು ಹೊರಗೆ ಬಂದರು. ನಾನು ನನ್ನ ಶಾಲು ತೆಗೆದು ಚಾಚಿದೆ. ಅವರು ಅದನ್ನು ತೆಗೆದುಕೊಂಡು, ನಾಲ್ಕಾಗಿ ಮಡಿಸಿ, ಮತ್ತೆ ನನ್ನ ಕೈಗೇ ಇಟ್ಟರು. “ಚಳಿ ಇಲ್ಲ, ನೀನೇ ಹೊದ್ಕೊ” ಎಂದರು.

ಹತ್ತು ಗಂಟೆಯ ಬಿಸಿಲು. ನಮ್ಮ ಕೇರಿಯ ಉದ್ದಕ್ಕೂ, ಬಾವಿ ದಾಟಿ, ಮೂರುದಾರಿ ದಾಟಿ, ಏರಿಯ ಮೇಲೆ ಅವರು ತಲೆ ಎತ್ತಿ ನಡೆದರು. ನಾನು ಪಕ್ಕದಲ್ಲಿದ್ದೆ. ಜನ ನೋಡಿದರು. ಒಂದು ಮಗು, ಅವರ ಮುಖಕ್ಕೆ ಏನಾಗಿದೆ ಎಂದು ಗಟ್ಟಿಯಾಗಿ ಕೇಳಿತು. ಅದರ ತಾಯಿ ಬಾಯಿ ಮುಚ್ಚಿಸುವ ಮೊದಲೇ ಅವರು ನಿಂತು, ಸಿಡುಬಾಗಿತ್ತು ಕಂದ, ವಾಸಿಯಾಗಿ ಬಹಳ ದಿನವಾಯಿತು ಎಂದು ಹೇಳಿ ಮುಂದೆ ನಡೆದರು. ಪೆಟ್ಟಿಗೆ ನಮ್ಮ ಮುಂದೆ ಹೋಗುತ್ತಿತ್ತು. ಅದರೊಳಗಿದ್ದವರಿಗೆ ಹಿಂದೆ ತಿರುಗಿ ನೋಡಲು ಆಗುತ್ತಿರಲಿಲ್ಲ.